ಓತಿಕ್ಯಾತನ ಅಂಗಡಿಯ ಕೆಂಪು ಟ್ರ್ಯಾಕ್ಟರ್

ಕೆರೆಗೆ ನೀರು ಕೊಟ್ಟವನಿಗೆ, ನೀರಿಗೆ ಗದ್ದೆಯ ದಾರಿ ತೋರಿಸಿದವನಿಗೆ, ಬೇಡಿದ್ದನ್ನು ಕೊಟ್ಟು ಕಾಯುವವನಿಗೆ, ಕೆಲವೊಮ್ಮೆ ಕೊಡದೆಯೂ ಕಾಯುವ ಆ ಭಗವಂತನಿಗೆ ಮೊದಲ ನಮಸ್ಕಾರ. ಮಕ್ಕಳೇ, ಕೈ ಮುಗಿದಿರಾ? ಸರಿ, ಇನ್ನು ಕೂತುಕೊಳ್ಳಿ.

ಬಂಡೆಗುಡ್ಡಗಳ ನಡುವೆ ಒಂದು ಕಾಡಿತ್ತು. ಕಾಡಿನ ನಡುವೆ ಒಂದು ಕೆರೆ. ಕೆರೆಗೆ ಒಂದು ತೂಬು, ಅಂದರೆ ಏರಿಯ ಅಡಿಯಿಂದ ನೀರು ಬಿಡುವ ಕಿಂಡಿ. ಆ ತೂಬಿನ ಕೆಳಗೆ ಕಾಡಿನವರೆಲ್ಲ ಸೇರಿ ಭತ್ತ ಬೆಳೆಯುವ ಗದ್ದೆ. ಏರಿಯ ಮೇಲೆ ಒಂದು ಕಲ್ಲು. ಆ ಕಲ್ಲೇ ತೂಬಿನಮ್ಮ. ಅಮ್ಮ ಕಾಯುತ್ತಿದ್ದಳು, ಗದ್ದೆ ಬೆಳೆಯುತ್ತಿತ್ತು, ಎಲ್ಲರೂ ಉಣ್ಣುತ್ತಿದ್ದರು.

ಗದ್ದೆ ಉಳುತ್ತಿದ್ದವನು ಕೋಣ ಹುಲುಗಪ್ಪ. ಹದಿನಾಲ್ಕು ವರ್ಷ ನೊಗ ಹೊತ್ತು ಅವನ ಹೆಗಲ ಮೇಲೆ ಮಾವಿನಕಾಯಿಯಷ್ಟು ದಪ್ಪ ಗಡ್ಡೆ ಎದ್ದಿತ್ತು. ಅವನ ಜೋಡಿ ಕೋಣ ಹಿಂದಿನ ವರ್ಷ ದೇವರ ಪಾದ ಸೇರಿದ್ದ. ಈ ವರ್ಷ ಹುಲುಗಪ್ಪ ಕೂತರೆ ಏಳುವುದಕ್ಕೆ ಎರಡು ಸಲ ಯೋಚನೆ ಮಾಡುತ್ತಿದ್ದ.

ಕಾಡಿನ ಹಿರಿಯ ಕರಡಿ ಜಾಂಬಣ್ಣ ಇದನ್ನು ನೋಡಿದ. ಎಲ್ಲರ ಎದುರು ಹುಲುಗಪ್ಪನ ಹೆಗಲು ಮುಟ್ಟಿ, "ಅಜ್ಜಾ, ಇನ್ನು ನಿನ್ನ ಹೆಗಲಿಗೆ ನೊಗ ಬರುವುದಿಲ್ಲ. ತೂಬಿನಮ್ಮನ ಆಣೆ. ಟ್ರ್ಯಾಕ್ಟರ್ ತರುತ್ತೇನೆ" ಎಂದ.

ಹುಲುಗಪ್ಪ ಮೆಲುಕು ಹಾಕುವುದನ್ನು ನಿಲ್ಲಿಸಿ ಅವನನ್ನು ನೋಡಿದ. ಆಮೇಲೆ ಮತ್ತೆ ಮೆಲುಕು ಹಾಕಿದ.

ಜಾಂಬಣ್ಣ ಒಳ್ಳೆಯವನು, ಮಕ್ಕಳೇ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಅವನಿಗಿದ್ದದ್ದು ಒಂದೇ ದೋಷ. 'ಇಲ್ಲ' ಎಂಬ ಮಾತು ಅವನ ಕಿವಿಯ ಒಳಗೆ ಹೋಗುತ್ತಿರಲಿಲ್ಲ. ಜೇನುಹುಟ್ಟಿನಲ್ಲಿ ತುಪ್ಪವಿಲ್ಲ ಎಂದು ಜೇನುಹುಳುಗಳೇ ಹೇಳಿದರೂ ಕೈ ಹಾಕಿ ನೋಡಿ, ಕಚ್ಚಿಸಿಕೊಂಡು, ಆಮೇಲೆ ಜೇನುಗಳಿಗೇ ಬೇಸರದ ಮುಖ ತೋರಿಸುತ್ತಿದ್ದ.

ಕಾಡಿನವರು ಆ ವರ್ಷದ ಜೇನುತುಪ್ಪವನ್ನೆಲ್ಲ ಗಡಿಗೆಗಳಲ್ಲಿ ತುಂಬಿ, ಟ್ರ್ಯಾಕ್ಟರಿನ ಬೆಲೆಯೆಂದು ಅವನ ಕೈಗೆ ಒಪ್ಪಿಸಿದರು. ಸಸಿಮಡಿಯಲ್ಲಿ ಭತ್ತದ ಸಸಿ ಬೆಳೆದು ನಿಂತಿತ್ತು. ತೂಬು ಐದು ದಿನ ಮಾತ್ರ ತೆರೆದಿರುತ್ತದೆ. ಆ ಐದು ದಿನದಲ್ಲಿ ಗದ್ದೆಯ ಕೆಸರು ಕಲಸಿ ನಾಟಿ ಮಾಡಬೇಕು. ತಪ್ಪಿದರೆ ವರ್ಷವಿಡೀ ಉಪವಾಸ. ದೇವರ ಹೆಸರಿನ ಉಪವಾಸವಲ್ಲ, ಬರೀ ಉಪವಾಸ.

ಜಾಂಬಣ್ಣ ಮೊದಲು ಹೋದದ್ದು ಏಡಿ ಗವಿಸಿದ್ದನ ಅಂಗಡಿಗೆ. ಅಂಗಡಿ ಎಂದರೆ ಗದ್ದೆಯ ಬದುವಿನಲ್ಲಿ ಒಂದು ದೊಡ್ಡ ಬಿಲ. ಬಾಗಿಲಲ್ಲಿ ಎರಡು ಸಣ್ಣ ಟ್ರ್ಯಾಕ್ಟರ್, ಒಳಗೆ ಗೋಡೆ ತುಂಬ ಬೋಲ್ಟು, ನಟ್ಟು, ಫಿಲ್ಟರು, ಬೆಲ್ಟು. ಗವಿಸಿದ್ದ ಒಂದು ಇಂಜಿನ್ ಬಿಚ್ಚಿಕೊಂಡು ಅದರ ಒಳಗೇ ಕೂತಿದ್ದ. ಪಾನಾ, ಇಕ್ಕಳ ಎಲ್ಲವನ್ನೂ ಭಗವಂತ ಅವನಿಗೆ ಮೈಯಲ್ಲೇ ಕೊಟ್ಟು ಕಳಿಸಿದ್ದ.

ಜಾಂಬಣ್ಣ ತನಗೆ ಬೇಕಾದ್ದನ್ನು ಹೇಳಿದ. ಐವತ್ತೈದು ಕುದುರೆ ಶಕ್ತಿಯ ಗಾಡಿ ಬೇಕು.

"ನಿಮ್ಮ ಗದ್ದೆಗೆ ಆಗುವುದಿಲ್ಲ" ಎಂದ ಗವಿಸಿದ್ದ. "ಅದರ ಭಾರಕ್ಕೆ ಹೂತುಹೋಗುತ್ತದೆ."

ಹಿಂದೆ ಟ್ರೇಲರ್ ಕಟ್ಟಿದರೆ ಕಾಡಿನವರೆಲ್ಲ ಕೂತು ಮದುವೆಯ ದಿಬ್ಬಣಕ್ಕೆ ಹೋಗಬಹುದಲ್ಲ ಎಂದು ಜಾಂಬಣ್ಣ ಕೇಳಿದ.

"ಬೇಡ. ಟ್ರೇಲರ್ ಇರುವುದು ಗೊಬ್ಬರಕ್ಕೆ, ಮೂಟೆಗೆ. ಜೀವ ಹೇರುವುದಕ್ಕಲ್ಲ."

ಹೋಗಲಿ, ಹಾಡಿನ ಪೆಟ್ಟಿಗೆಯನ್ನಾದರೂ ಹಾಕಿಕೊಡುತ್ತೀಯಾ ಎಂದ ಜಾಂಬಣ್ಣ.

"ಇಲ್ಲ. ಇಂಜಿನ್ ಕೆಡುವ ಮೊದಲು ತಾನೇ ಸದ್ದು ಮಾಡಿ ಹೇಳುತ್ತದೆ. ಹಾಡು ಹಾಕಿಕೊಂಡರೆ ಅದು ಕೇಳಿಸುವುದಿಲ್ಲ."

ಮೂರು ಪ್ರಶ್ನೆ, ಮೂರಕ್ಕೂ ಇಲ್ಲ. ಜಾಂಬಣ್ಣ ಮೈ ಕೊಡವಿ ಎದ್ದ. "ಅಂಗಡಿ ಇಟ್ಟಿದ್ದೀಯೋ, ಶಾಪ ಹಾಕುವುದಕ್ಕೆ ಕೂತಿದ್ದೀಯೋ?" ಎಂದು ಹೊರಟೇಬಿಟ್ಟ.

ಗವಿಸಿದ್ದ ಇಂಜಿನ್‌ನ ಒಳಗಿನಿಂದ ಇಕ್ಕಳದಂಥ ಒಂದು ಕೊಂಬು ಎತ್ತಿ, "ಜಾಂಬಣ್ಣಾ, ನೀವು ಕೇಳಬೇಕಾದ ಮಾತು ಇನ್ನೊಂದಿತ್ತು" ಎಂದ. ಅಷ್ಟರಲ್ಲಿ ಜಾಂಬಣ್ಣ ಬದು ದಾಟಿದ್ದ.

ಮುಂದಿನ ಅಂಗಡಿ ಗುಡ್ಡದ ಬುಡದಲ್ಲಿ, ಡಾಂಬರು ರಸ್ತೆಯ ಪಕ್ಕ. ಗಾಜಿನ ಗೋಡೆ, ಒಳಗೆ ಸಾಲು ಸಾಲು ಟ್ರ್ಯಾಕ್ಟರ್. ಅದರ ಮಾಲೀಕ ಓತಿಕ್ಯಾತ ಪಂಪಣ್ಣ. ನೀಲಿ ಟ್ರ್ಯಾಕ್ಟರಿನ ಮೇಲೆ ಕೂತಾಗ ಅವನು ನೀಲಿಯಾಗಿದ್ದ. ಜಾಂಬಣ್ಣ ಕೆಂಪು ಟ್ರ್ಯಾಕ್ಟರಿನ ಕಡೆ ನೋಡಿದ ಕೂಡಲೇ ಅದರ ಮೇಲೆ ಹತ್ತಿ ಕೆಂಪಗಾದ. ಜಾಂಬಣ್ಣನಿಗೆ ಇದು ಬಹಳ ಹಿಡಿಸಿತು. ತನ್ನ ಸರಕಿನ ಮೇಲೆ ಇಷ್ಟು ಪ್ರೀತಿ ಇರುವವನನ್ನು ಅವನು ಕಂಡಿರಲಿಲ್ಲ.

"ಬನ್ನಿ ಯಜಮಾನರೇ" ಎಂದ ಪಂಪಣ್ಣ. ಅಷ್ಟೇ. ಅವನು ಹೆಚ್ಚು ಮಾತಿನವನಲ್ಲ.

ಇದು ಐವತ್ತೈದು ಕುದುರೆಯದೋ ಎಂದು ಜಾಂಬಣ್ಣ ಕೇಳಿದ. ಪಂಪಣ್ಣ ತಲೆಯಾಡಿಸಿದ. ಗದ್ದೆಗೆ ಆಗುತ್ತದೆಯೋ? ತಲೆಯಾಡಿಸಿದ. ದಿಬ್ಬಣಕ್ಕೆ? ತಲೆಯಾಡಿಸಿದ. ಹಾಡಿನ ಪೆಟ್ಟಿಗೆ? ತಲೆಯಾಡಿಸಿದ. ಕೆಟ್ಟರೆ ರಿಪೇರಿಗೆ ಬರುತ್ತೀರೋ? ಅದಕ್ಕಂತೂ ಎರಡು ಸಲ ಆಡಿಸಿದ.

ಮಗುವನ್ನು ಎತ್ತಿಕೊಂಡ ತಾಯಿಯ ಹಾಗೆ ಜಾಂಬಣ್ಣನ ಮುಖ ಅರಳಿತು.

ಆದರೂ ಅವನು ದೈವಭಕ್ತ. ಅಮ್ಮನನ್ನು ಕೇಳದೆ ತುಪ್ಪದ ಗಡಿಗೆ ಕೊಡುವುದುಂಟೇ? ಹಿಂದಿರುಗಿ ಬಂದು, ಕೆರೆಯಲ್ಲಿ ಮುಳುಗಿ ಎದ್ದು, ತೂಬಿನಮ್ಮನ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಕಣಗಿಲೆ ಹೂ ಅಂಟಿಸಿ ಪ್ರಸಾದ ಕೇಳಿದ. ನಿಮಗೆ ಗೊತ್ತಲ್ಲ, ಅಮ್ಮನ ಬಲಭುಜದ ಹೂ ಬಿದ್ದರೆ 'ಆಗಲಿ' ಎಂದು. ಎಡಭುಜದ್ದು ಬಿದ್ದರೆ 'ಬೇಡ' ಎಂದು.

"ಅಮ್ಮಾ, ಕೆಂಪು ಟ್ರ್ಯಾಕ್ಟರ್ ತರಲೇ?"

ಎಡಗಡೆಯ ಹೂ ಬಿತ್ತು. ತಡವನ್ನೂ ಮಾಡಲಿಲ್ಲ.

ಜಾಂಬಣ್ಣ ಸ್ವಲ್ಪ ಹೊತ್ತು ಆ ಹೂವನ್ನೇ ನೋಡಿದ. ಆಮೇಲೆ ತನ್ನ ಬಲಗೈ ಯಾವುದು ಎಂದು ನೋಡಿಕೊಂಡ. ಅವನು ಅಮ್ಮನಿಗೆ ಎದುರಾಗಿ ನಿಂತಿದ್ದ. ಹೂ ಅವನ ಬಲಗೈಯ ಕಡೆಗೇ ಬಿದ್ದಿತ್ತು. "ಟ್ರ್ಯಾಕ್ಟರ್ ಓಡಿಸುವವನು ನಾನು ತಾನೇ?" ಎಂದು ಪಕ್ಕದಲ್ಲಿದ್ದ ಹುಲುಗಪ್ಪನಿಗೆ ಹೇಳಿದ. "ಹಾಗಾದರೆ ಲೆಕ್ಕ ನನ್ನ ಬಲದ್ದು."

"ತಮ್ಮಾ" ಎಂದ ಹುಲುಗಪ್ಪ ಮೆಲ್ಲಗೆ, "ಅದನ್ನು ಒಮ್ಮೆ ನಮ್ಮ ಕೆಸರಿನಲ್ಲಿ ಇಳಿಸಿ ನೋಡಿ, ಆಮೇಲೆ ಕೊಂಡರೆ ಒಳ್ಳೆಯದಲ್ಲವೇ?"

ಅಮ್ಮನೇ ಒಪ್ಪಿದ ಮೇಲೆ ಕೆಸರನ್ನು ಕೇಳುವುದೇನು ಎಂದ ಜಾಂಬಣ್ಣ.

ತೂಬು ತೆರೆದ ದಿನ ಬೆಳಿಗ್ಗೆ ಕೆಂಪು ಟ್ರ್ಯಾಕ್ಟರ್ ಬಂತು. ಕುಂಕುಮ ಹಚ್ಚಿದರು, ಹಾರ ಹಾಕಿದರು, ಕಾಯಿ ಒಡೆದರು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಇದರಲ್ಲಿ ತಪ್ಪೇನೂ ಇಲ್ಲ, ಮಕ್ಕಳೇ. ದೇವರನ್ನು ನೆನೆದೇ ಕೆಲಸ ಶುರುಮಾಡಬೇಕು. ಆದರೆ ದೇವರ ಉತ್ತರ ಮೊದಲೇ ಬಂದಿತ್ತು.

ಏರಿಯ ಗಟ್ಟಿ ದಾರಿಯ ಮೇಲೆ ಅದು ಎರಡು ಸುತ್ತು ಓಡಿತು. ಹಾಡು ಕೇಳಿಸಿತು. ಐವತ್ತೈದು ಕುದುರೆಗಳನ್ನು ಒಟ್ಟಿಗೆ ನೋಡಿದವರು ಕಾಡಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ, ಅಷ್ಟೂ ಕುದುರೆಗಳು ಅದರೊಳಗೆ ಇವೆ ಎಂದು ಎಲ್ಲರೂ ಒಪ್ಪಿಕೊಂಡರು.

ಆಮೇಲೆ ಜಾಂಬಣ್ಣ ಅದನ್ನು ಗದ್ದೆಗೆ ಇಳಿಸಿದ. ಹತ್ತು ಮಾರು ಹೋಯಿತು. ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿದವು. ತಿರುಗಿದಷ್ಟೂ ಕೆಳಗಿಳಿದವು. ಕೆಸರು ಇಂಜಿನ್‌ನ ಹೊಟ್ಟೆ ಮುಟ್ಟಿದಾಗ ಸದ್ದು ನಿಂತಿತು. ಹಾಡು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಡೆಯಿತು.

ಮೊಲ ತಿಪ್ಪಕ್ಕನನ್ನು ಪಂಪಣ್ಣನ ಅಂಗಡಿಗೆ ಓಡಿಸಿದರು. ಮೆಕ್ಯಾನಿಕ್ ಕಳಿಸುತ್ತೀರಾ ಎಂದು ಅವಳು ಕೇಳಿದಳು. ಪಂಪಣ್ಣ ತಲೆಯಾಡಿಸಿದ. ಇವತ್ತೇ? ತಲೆಯಾಡಿಸಿದ. ಅವಳು ಓಡಿಬಂದು ಒಳ್ಳೆಯ ಸುದ್ದಿ ಹೇಳಿದಳು. ಸಂಜೆಯವರೆಗೆ ಎಲ್ಲರೂ ದಾರಿ ಕಾದರು.

ಎರಡನೆಯ ದಿನವೂ ಓಡಿದಳು. ಅದೇ ಪ್ರಶ್ನೆ, ಅದೇ ತಲೆ.

ಮೂರನೆಯ ದಿನ ಹೋದಾಗ ತಿಪ್ಪಕ್ಕನಿಗೆ ಒಂದು ಸಂಶಯ ಬಂತು.

"ಪಂಪಣ್ಣಾ, ನಾನು ಆನೆ ತಾನೇ?" ಎಂದು ಕೇಳಿದಳು.

ಪಂಪಣ್ಣ ತಲೆಯಾಡಿಸಿದ.

"ನೀನು ನಮಗೆ ಮೋಸ ಮಾಡಿದೆಯಾ?"

ಪಂಪಣ್ಣ ಅಷ್ಟೇ ವಿನಯದಿಂದ ತಲೆಯಾಡಿಸಿದ.

ತಿಪ್ಪಕ್ಕ ಈ ಸಲ ಓಡಲಿಲ್ಲ; ನಡೆದುಕೊಂಡೇ ಬಂದಳು. ಬಂದು ಜಾಂಬಣ್ಣನಿಗೆ ಇಷ್ಟೇ ಹೇಳಿದಳು: "ಮಾವಾ, ಅವನ ಕತ್ತು ಇರುವುದೇ ಹಾಗೆ. ಬೇಲಿಯ ಮೇಲೆ ಕೂತು, ಎದುರಿಗೆ ಯಾರೂ ಇಲ್ಲದಾಗಲೂ ಆಡಿಸುತ್ತಾನೆ. ನೀವು ಅದನ್ನು ಹೂಂ ಎಂದುಕೊಂಡಿರಿ."

ಯೋಚಿಸಿ ನೋಡಿದರೆ ಪಂಪಣ್ಣ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅವನು ಏನನ್ನೂ ಹೇಳಿರಲೇ ಇಲ್ಲ. ಯಾರು ಏನೆಂದುಕೊಂಡರೂ ಸುಮ್ಮನೆ ತುಪ್ಪ ತೆಗೆದುಕೊಳ್ಳುವುದು, ಅದು ಅವನ ವ್ಯಾಪಾರ.

ನಾಲ್ಕನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಗದ್ದೆಯ ಬದುವಿನಲ್ಲಿ ಹುಲುಗಪ್ಪ ನಿಂತಿದ್ದ. ಯಾರೂ ಅವನನ್ನು ಕರೆದಿರಲಿಲ್ಲ. ಹಳೆಯ ನೊಗವನ್ನು ಕೊಂಬಿನಿಂದ ಎಳೆದು ತಂದಿದ್ದ. ಗಡ್ಡೆಯಿದ್ದ ಹೆಗಲನ್ನು ಅದರ ಕೆಳಗೆ ಒಡ್ಡಿ, ಸಸಿಮಡಿಯ ಕಡೆ ನೋಡುತ್ತ ಕಾಯುತ್ತಿದ್ದ. ಜೋಡಿಯ ಜಾಗ ಖಾಲಿಯಿತ್ತು.

ಜಾಂಬಣ್ಣ ಅದನ್ನು ಕಂಡ. ಆಣೆ ನೆನಪಾಯಿತು. ಅವನು ಬದುವಿಗೆ ಬಂದು, ನೊಗದ ಖಾಲಿಯಿದ್ದ ಕಡೆ ತನ್ನ ಕತ್ತು ಕೊಟ್ಟ.

"ನಿನಗೆ ರೂಢಿಯಿಲ್ಲ, ತಮ್ಮಾ" ಎಂದ ಹುಲುಗಪ್ಪ.

"ನಡೆ ಅಜ್ಜಾ" ಎಂದ ಜಾಂಬಣ್ಣ.

ಕರಡಿಯೂ ಕೋಣವೂ ಒಂದೇ ಎತ್ತರದವರಲ್ಲ. ನೊಗ ವಾಲಿತು, ನೇಗಿಲು ವಾಲಿತು, ಜಾಂಬಣ್ಣ ಮೂರು ಸಲ ಮುಖ ಅಡಿಯಾಗಿ ಬಿದ್ದ. ಎರಡು ಸಾಲು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಹುಲುಗಪ್ಪ ಹೆಜ್ಜೆ ಕೀಳಲಾರದೆ ನಿಂತುಬಿಟ್ಟ. ಜಾಂಬಣ್ಣ ಏರಿಯ ಕಡೆ ತಿರುಗಿ ಕೈ ಮುಗಿದ.

"ಅಮ್ಮಾ, ನೀನು ಬೇಡ ಎಂದಿದ್ದೆ. ನಾನೇ ನಿನ್ನ ಮಾತನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ನನಗೇನಾದರೂ ಆಗಲಿ, ಈ ಮುದುಕನ ಹೆಗಲು ಬಿಡಿಸು."

ಮಕ್ಕಳೇ, ಅಮ್ಮ ಕಲ್ಲಿನಿಂದ ಎದ್ದು ಬರಲಿಲ್ಲ. ಅವಳು ಬರುವ ರೀತಿ ಬೇರೆ. ನೊಗ ಕಿರುಗುಟ್ಟುವ ಸದ್ದು ಬದುವಿನ ಬಿಲದೊಳಗೆ ಕೇಳಿ, ಗವಿಸಿದ್ದ ಹೊರಗೆ ಬಂದ. ಸಣ್ಣ ಟ್ರ್ಯಾಕ್ಟರಿಗೆ ಕೇಜ್‌ವೀಲ್, ಅಂದರೆ ಕೆಸರಿನಲ್ಲಿ ಹೂತುಹೋಗದ ಕಬ್ಬಿಣದ ಜಾಲರಿ ಚಕ್ರ, ಕಟ್ಟಿಕೊಂಡೇ ಬಂದ. ಏಡಿ ಟ್ರ್ಯಾಕ್ಟರ್ ಓಡಿಸಿದ್ದು ಹೇಗೆ ಎಂದು ನೀವು ಕೇಳಬಹುದು. ಅಡ್ಡಡ್ಡವಾಗಿ.

ಅವನು ಮೊದಲು ಹುಲುಗಪ್ಪನ ಕತ್ತಿನ ಹಗ್ಗವನ್ನು ತನ್ನ ಇಕ್ಕಳದ ಕೊಂಬಿನಿಂದ ಕತ್ತರಿಸಿದ. ಆಮೇಲೆ ಗದ್ದೆಗಿಳಿದ. ಅಂದು ಅರ್ಧ, ಮರುದಿನ ಮಧ್ಯಾಹ್ನದೊಳಗೆ ಉಳಿದರ್ಧ ಕೆಸರನ್ನು ಪಾಯಸದ ಹಾಗೆ ಕಲಸಿದ. ಹಿಂದೆಯೇ ಎಲ್ಲರೂ ಸಾಲಾಗಿ ನಿಂತು ನಾಟಿ ಮಾಡಿದರು. ತೂಬು ಮುಚ್ಚುವಾಗ ಕೊನೆಯ ಸಸಿ ನೆಲ ಸೇರಿತ್ತು.

ಕೆಂಪು ಟ್ರ್ಯಾಕ್ಟರನ್ನು ಸರಪಳಿ ಹಾಕಿ ಎಳೆದು ತೆಗೆದರು. ಗವಿಸಿದ್ದ ಅದರ ಹೊಟ್ಟೆ ತೊಳೆದು ನೋಡಿದ. "ಇದರ ತಪ್ಪೇನೂ ಇಲ್ಲ. ಒಳ್ಳೆಯ ಗಾಡಿ. ಒಣ ಹೊಲಕ್ಕೆ ಹುಟ್ಟಿದ್ದು. ಗುಡ್ಡದಾಚೆ ಆನೆಗಳು ಜೋಳ ಬಿತ್ತುತ್ತವೆ, ಅವುಗಳಿಗೆ ಕೊಡೋಣ. ಬದಲಿಗೆ ನೀವು ಈ ಸಣ್ಣದನ್ನು ಇಟ್ಟುಕೊಳ್ಳಿ" ಎಂದ.

ಜಾಂಬಣ್ಣ ಮೈಯೆಲ್ಲ ಕೆಸರಾಗಿ ಬದುವಿನ ಮೇಲೆ ಕೂತಿದ್ದ. ಕೇಳಲೋ ಬೇಡವೋ ಎಂದು ಬಹಳ ಹೊತ್ತು ಒದ್ದಾಡಿದ.

"ಗವಿಸಿದ್ದಾ, ಅವತ್ತು ಇನ್ನೊಂದು ಮಾತಿದೆ ಎಂದೆಯಲ್ಲ. ಏನದು?"

"ಕೆಟ್ಟರೆ ಬರುತ್ತೀಯಾ ಎಂದು ನೀವು ಕೇಳಲಿಲ್ಲ."

"ಕೇಳಿದ್ದರೆ ಏನು ಹೇಳುತ್ತಿದ್ದೆ?"

"ನಾನು ಮಾರದ ಗಾಡಿಗೇ ಬಂದಿದ್ದೇನಲ್ಲ" ಎಂದು ಗವಿಸಿದ್ದ ಬೋಲ್ಟು ಬಿಗಿಮಾಡತೊಡಗಿದ.

ಅಂದಿನಿಂದ ಹುಲುಗಪ್ಪ ಕೆರೆಯಲ್ಲಿ ಮೂಗಷ್ಟೇ ಹೊರಗಿಟ್ಟು ಮಲಗುತ್ತಾನೆ. ಅವನ ನೊಗ ತೂಬಿನಮ್ಮನ ಪಕ್ಕದಲ್ಲಿದೆ. ಹಬ್ಬದ ದಿನ ಅದಕ್ಕೂ ಒಂದು ಹೂ.

ಕೊಯ್ಲಾದ ಮೇಲೆ ಜಾಂಬಣ್ಣ ಹೊಸ ಅಕ್ಕಿಯ ಅನ್ನ ತಂದು ಅಮ್ಮನ ಮುಂದಿಟ್ಟ. ನಮಸ್ಕಾರ ಮಾಡಿ, ಹೂ ಅಂಟಿಸಿ, ಸಂಕೋಚದಿಂದಲೇ ಕೇಳಿದ: "ಅಮ್ಮಾ, ಸಣ್ಣ ಟ್ರ್ಯಾಕ್ಟರಿಗೆ ಸಣ್ಣದೊಂದು ಹಾಡಿನ ಪೆಟ್ಟಿಗೆ ಹಾಕಿಸಲೇ?"

ಎಡಗಡೆಯ ಹೂ ಬಿತ್ತು.

ಜಾಂಬಣ್ಣ ತನ್ನ ಬಲಗೈ ಯಾವುದು ಎಂದು ನೋಡಿಕೊಳ್ಳಲಿಲ್ಲ. ಬಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮನೆಗೆ ಹೋದ.

ನೀತಿ: ಕೇಳಿದ್ದಕ್ಕೆಲ್ಲ ತಲೆಯಾಡಿಸುವವನನ್ನು ನಂಬಬೇಡ; ಮುಖ ನೋಡಿ 'ಆಗುವುದಿಲ್ಲ' ಎನ್ನಬಲ್ಲವನ 'ಆಗುತ್ತದೆ' ಎಂಬ ಮಾತಿಗೇ ಬೆಲೆ.

ಈ ಕತೆ ಕೇಳಿದ ನಿಮ್ಮೆಲ್ಲರ ಗದ್ದೆಗೆ ಹೊತ್ತಿಗೆ ಸರಿಯಾಗಿ ನೀರು ಬರಲಿ, ದುಡಿದ ಹೆಗಲುಗಳಿಗೆ ನೆರಳು ಸಿಗಲಿ, ಆ ತಾಯಿ 'ಬೇಡ' ಎಂದಾಗಲೂ ನಿಮ್ಮ ಕೈ ಮುಗಿದೇ ಇರಲಿ.