ಬುಳ್ಳಜ್ಜ ಹುಲಿ ನೋಡಲು ಕಲಿತದ್ದು

ಮಕ್ಕಳೇ, ಹುಲಿಯನ್ನು ಗುರುತಿಸುವುದು ಸುಲಭ ಎಂದು ನೀವು ತಿಳಿದಿರಬಹುದು. ಚಿತ್ರದ ಪುಸ್ತಕದಲ್ಲಿ ಅದು ಸುಲಭವೇ. ಅಲ್ಲಿ ಹುಲಿಯ ಕೆಳಗೆ ‘ಹುಲಿ’ ಎಂದು ಬರೆದಿರುತ್ತದೆ. ಕಾಡಿನಲ್ಲಿ ಯಾರೂ ಹಾಗೆ ಬರೆದಿಟ್ಟಿರುವುದಿಲ್ಲ.

ಒಂದು ಕಾಡಿನ ಹೊಂಡದ ಬಳಿ ಜಿಂಕೆಗಳ ಹಿಂಡಿತ್ತು. ಪಕ್ಕದ ನೇರಳೆ ಮರದಲ್ಲಿ ಕಪ್ಪು ಮೂತಿಯ ಕೋತಿಗಳಾದ ಮುಸುವಗಳ ಸಂಸಾರವಿತ್ತು. ಮುಸುವಗಳು ನೆಲಕ್ಕಿಳಿದಾಗ ಜಿಂಕೆಗಳು ಗಾಳಿ ಮೂಸಿ ಅವನ್ನು ಕಾಯಬೇಕು. ಜಿಂಕೆಗಳು ನೀರು ಕುಡಿಯುವಾಗ ಮುಸುವ ಮರದ ಮೇಲಿಂದ ಕಾಯಬೇಕು. ಹುಲಿ ಕಂಡರೆ ‘ಖಕ್! ಖಕ್!’ ಎಂದು ಕೂಗಬೇಕು. ಹೀಗೆಂದು ಅವರಲ್ಲಿ ಒಪ್ಪಂದ.

ಕೂಗುವ ಕೆಲಸ ಬುಳ್ಳಜ್ಜ ಎಂಬ ಮುದಿ ಮುಸುವನದು. ಹಸಿರು ಹುಲ್ಲಿನ ನಡುವೆ ಹಳದಿ ಕಂಡರೆ ಅದು ಹುಲಿ. ಇಷ್ಟು ತಿಳಿದಿದ್ದ ಅಜ್ಜ ಒಂದು ಸಲವೂ ತಪ್ಪಿರಲಿಲ್ಲ.

ಒಂದು ದಿನ ಆನೆಗಳು ಬಂದು ಹೊಂಡದ ದಂಡೆಯನ್ನು ತುಳಿದು ಒಡೆದವು. ನೀರೆಲ್ಲ ಹರಿದುಹೋಯಿತು. ಜಿಂಕೆಗಳೂ ಮುಸುವಗಳೂ ಬಿದಿರುಮೆಳೆಯ ಬದಿಯ ಇನ್ನೊಂದು ಹೊಂಡಕ್ಕೆ ಹೋಗಬೇಕಾಯಿತು.

ಅಲ್ಲಿ ಒಣಹುಲ್ಲು, ಬಿದಿರು, ಅವುಗಳ ಸಂದಿಯಲ್ಲಿ ಬಿಸಿಲು, ನೆರಳು. ನೋಡಿದಲ್ಲೆಲ್ಲ ಹಳದಿ, ನೋಡಿದಲ್ಲೆಲ್ಲ ಪಟ್ಟೆ. ಮೊದಲ ದಿನ ಅಜ್ಜನಿಗೆ ಇಡೀ ಕಾಡೇ ಒಂದು ದೊಡ್ಡ ಹುಲಿಯಂತೆ ಕಂಡಿತು. ಎರಡನೆಯ ದಿನ ಎಲ್ಲಿಯೂ ಹುಲಿ ಕಾಣಲಿಲ್ಲ. ಅಂದೇ ಹಿಂಡಿನ ಒಂದು ಜಿಂಕೆ ಹುಲಿಯ ಬಾಯಿಗೆ ಹೋಯಿತು.

ತಾಯಕ್ಕ ಎಂಬ ಹೆಣ್ಣುಜಿಂಕೆ ತನ್ನ ಎಳೆಯ ಮರಿಯನ್ನು ಮೈಗೆ ಒತ್ತಿಕೊಂಡು ಮರದ ಕೆಳಗೆ ಬಂದಳು. “ಬುಳ್ಳಜ್ಜ, ನೀರಿಲ್ಲದೆ ನನಗೆ ಹಾಲಿಲ್ಲ, ಹಾಲಿಲ್ಲದೆ ಇದು ಉಳಿಯೋದಿಲ್ಲ. ನಾಳೆಯೂ ಇಲ್ಲಿಗೇ ಬರಬೇಕು. ಹೇಗಾದರೂ ಮಾಡಿ ಕಲಿತುಕೊಳ್ಳಿ.”

ಕಲಿಸಲು ಮೊಮ್ಮಗಳು ಚೆಲ್ವಿ ಮುಂದೆ ಬಂದಳು. ಅಜ್ಜನನ್ನು ಎತ್ತರದ ಮತ್ತಿ ಮರಕ್ಕೆ ಹತ್ತಿಸಿ, ದೂರದ ಮೆಳೆಯಲ್ಲಿ ಮಲಗಿದ್ದ ಹುಲಿಯ ಕಡೆ ಕೈ ತೋರಿಸಿದಳು.

“ಗಾಳಿ ಬಂದಾಗ ಹುಲ್ಲಿನ ಪಟ್ಟೆ ಅಲ್ಲಾಡುತ್ತೆ. ಹುಲಿಯ ಪಟ್ಟೆ ಅಲ್ಲಾಡೋದಿಲ್ಲ. ಇಷ್ಟೇ ಪಾಠ. ಗೊತ್ತಾಯಿತಾ?”

ಗಾಳಿ ಬೀಸಿತು. ಅಜ್ಜ ನೋಡಿದ. “ಅಯ್ಯೋ, ಹೌದಲ್ಲ!” ಎಂದ.

ಅದೇ ಹೊತ್ತಿಗೆ ಬಿದಿರಿನ ತುದಿಯಲ್ಲಿ ಒಂದು ಕಾಜಾಣ ಹಕ್ಕಿ ಕುಳಿತಿತ್ತು. ಒಂದು ಮುತ್ತುಗದ ಹೂವು ನೀರಿಗೆ ಬಿದ್ದಿತು. ಚೆಲ್ವಿ ಎಡಗಿವಿ ಕೆರೆದುಕೊಂಡಳು. ಅಜ್ಜ ಒಳ್ಳೆಯ ವಿದ್ಯಾರ್ಥಿ. ಒಂದನ್ನೂ ಬಿಡದೆ ಎಲ್ಲವನ್ನೂ ಕಲಿತುಕೊಂಡ.

ಮರುದಿನ ಬೆಳಿಗ್ಗೆ ಜಿಂಕೆಗಳು ನೀರಿಗೆ ಬಾಯಿ ಇಟ್ಟವು. ಕಾಜಾಣ ಬಂದು ಬಿದಿರಿನ ಮೇಲೆ ಕುಳಿತಿತು. “ಖಕ್! ಖಕ್!” ಎಂದ ಅಜ್ಜ. ಜಿಂಕೆಗಳು ಓಡಿದವು. ಹುಲಿ ಇರಲಿಲ್ಲ. ಮತ್ತೆ ಬಂದವು.

“ಖಕ್! ಖಕ್!”

ಮತ್ತೆ ಓಡಿದವು. ಆಗಲೂ ಹುಲಿ ಇರಲಿಲ್ಲ.

“ಈಗೇನು ಕಂಡೆ, ಅಜ್ಜ?” ಎಂದಳು ಚೆಲ್ವಿ.

“ನೀನು ಕಿವಿ ಕೆರೆದುಕೊಂಡೆ.”

“ಹುಳ ಕಚ್ಚಿತು, ಕೆರೆದುಕೊಂಡೆ! ಅದಕ್ಕೂ ಹುಲಿಗೂ ಏನು ಸಂಬಂಧ?”

“ಅದನ್ನು ನೀನೇ ಹೇಳಬೇಕು. ನಿನ್ನೆ ಕೆರೆದುಕೊಂಡಾಗ ಹುಲಿ ಇತ್ತು.”

ಸ್ವಲ್ಪ ಹೊತ್ತು ಚೆಲ್ವಿಗೂ ತನ್ನ ಕಿವಿಯ ಮೇಲೆ ಅನುಮಾನ ಬಂದಿತು.

ಅದರ ಮರುದಿನ ಹುಲಿ ನಿಜವಾಗಿಯೂ ಬಂದಿತು. ಗಾಳಿ ಬೀಸಿತು. ಎಲ್ಲ ಪಟ್ಟೆಗಳೂ ಅಲ್ಲಾಡಿದವು, ಒಂದಿಷ್ಟು ಮಾತ್ರ ಅಲ್ಲಾಡಲಿಲ್ಲ. ಅಜ್ಜ ಅದನ್ನು ಸ್ಪಷ್ಟವಾಗಿ ನೋಡಿದ. ಆದರೆ ಕಾಜಾಣ ಎಲ್ಲಿ? ಹೂವು ಎಲ್ಲಿ? ಚೆಲ್ವಿ ನೋಡಿದರೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಚಿಗುರು ಅಗಿಯುತ್ತಿದ್ದಾಳೆ. ಇದು ಬರೀ ಕಾಲುಭಾಗ ಹುಲಿ ಎಂದು ಅಜ್ಜ ಲೆಕ್ಕ ಹಾಕಿದ. ಉಳಿದ ಮುಕ್ಕಾಲು ಭಾಗ ಬರಲಿ ಎಂದು ಕಾದ.

ಮುಕ್ಕಾಲು ಭಾಗ ಬರಲಿಲ್ಲ. ಕಾಲುಭಾಗವೇ ನೆಗೆಯಿತು. ತಾಯಕ್ಕನ ಮರಿ ಕೆಸರಲ್ಲಿ ಜಾರಿ ಬಿದ್ದದ್ದರಿಂದ ಹುಲಿಯ ಉಗುರು ಅದರ ಬೆನ್ನನ್ನು ಮಾತ್ರ ಗೀರಿಕೊಂಡು ಹೋಯಿತು. ಮರಿ ಎದ್ದು ಓಡಿತು.

ಸಂಜೆ ಮರದ ಕೆಳಗೆ ಎಲ್ಲರೂ ಸೇರಿದರು.

“ವಯಸ್ಸಾಯಿತು. ತಲೆ ಒಣಗಿದೆ. ಏನು ಹೇಳಿದರೂ ಒಳಗೆ ಹೋಗೋದಿಲ್ಲ,” ಎಂದಳು ಚೆಲ್ವಿ. “ಅಜ್ಜ ಚಿಗುರು ತಿಂದುಕೊಂಡು ಸುಮ್ಮನಿರಲಿ. ನಾನೇ ಕೂಗುತ್ತೇನೆ.”

ತಾಯಕ್ಕ ಮರಿಯ ಗಾಯ ನೆಕ್ಕುತ್ತಿದ್ದವಳು ತಲೆ ಎತ್ತಿದಳು. “ಬುಳ್ಳಜ್ಜ, ಪಾಠದ ದಿನ ಏನೇನು ನೋಡಿದಿರಿ?”

ಅಜ್ಜ ಹೇಳತೊಡಗಿದ. ಅಲ್ಲಾಡದ ಪಟ್ಟೆ, ಕಾಜಾಣದ ಸೀಳು ಬಾಲ, ಹೂವಿನ ಕೆಂಪು, ಚೆಲ್ವಿಯ ಎಡಗಿವಿ, ತಾನು ಕುಳಿತ ಕೊಂಬೆಯ ಮೇಲಿದ್ದ ಇರುವೆಗಳ ಸಾಲು. ಹೇಳುತ್ತಲೇ ಹೋದ.

“ಒಳಗೆ ಹೋಗೋದಿಲ್ಲ ಅಂದೆಯಲ್ಲೇ?” ಎಂದು ತಾಯಕ್ಕ ಚೆಲ್ವಿಯನ್ನು ಕೇಳಿದಳು. “ಕಾಡೇ ಒಳಗೆ ಹೋಗಿದೆ. ಹುಲಿಗೆ ಕೂರಲು ಜಾಗವಿಲ್ಲ, ಅಷ್ಟೇ.”

ಅವಳು ಹೋಗಿ ಹುಳ ತಿಂದು ತೂತಾದ ಒಂದು ತೇಗದ ಎಲೆಯನ್ನು ಕಚ್ಚಿ ತಂದಳು. “ಇದನ್ನು ಮುಖಕ್ಕೆ ಹಿಡಿದು, ತೂತಿನಿಂದ ಪಟ್ಟೆಗಳನ್ನು ಮಾತ್ರ ನೋಡಿ. ಉಳಿದದ್ದೆಲ್ಲ ಎಲೆಯ ಪಾಲಿಗೆ.”

ಮರುದಿನದಿಂದ ಅಜ್ಜ ಎಲೆ ಹಿಡಿದು ಕುಳಿತ. ಅವನ ಪಕ್ಕದಲ್ಲಿ ಚೆಲ್ವಿಯೂ ಕಾವಲಿಗೆ ಕುಳಿತಳು. ಕಾಜಾಣ ಬಂದಿತು, ಹೂವು ಬಿದ್ದಿತು, ಚೆಲ್ವಿ ಬೇಕೆಂದೇ ಎರಡೂ ಕಿವಿ ಕೆರೆದುಕೊಂಡಳು. ಅಜ್ಜ ಸುಮ್ಮನಿದ್ದ. ಜಿಂಕೆಗಳು ಹೊಟ್ಟೆ ತುಂಬ ನೀರು ಕುಡಿದವು.

ಮೂರು ದಿನ ಕಳೆದ ಮೇಲೆ ಒಂದು ಮುಂಜಾನೆ ಗಾಳಿ ಬೀಸಿತು. ಅಜ್ಜ ತೂತನ್ನು ಮೆಳೆಯ ಉದ್ದಕ್ಕೂ ನಿಧಾನವಾಗಿ ಸರಿಸುತ್ತಾ ಹೋದವನು ಒಂದು ಕಡೆ ನಿಲ್ಲಿಸಿದ.

“ಖಕ್! ಖಕ್! ಖಕ್!”

ಜಿಂಕೆಗಳು ಮಿಂಚಿನಂತೆ ಓಡಿದವು. ತಾಯಕ್ಕನ ಮರಿ ಎಲ್ಲರಿಗಿಂತ ಮುಂದಿತ್ತು. ಮೆಳೆಯಿಂದ ಹುಲಿ ಎದ್ದು, ಮೈ ಕೊಡವಿ, ತನಗೆ ಬೇರೆ ಕೆಲಸವಿದೆ ಎನ್ನುವಂತೆ ಹೊರಟುಹೋಯಿತು.

ಚೆಲ್ವಿಗೆ ಹುಲಿ ಕಂಡೇ ಇರಲಿಲ್ಲ. ಅವಳು ಅಷ್ಟು ಹೊತ್ತೂ ಅಜ್ಜ ತಪ್ಪುವುದನ್ನೇ ಕಾಯುತ್ತಾ ಅಜ್ಜನ ಎಲೆಯನ್ನು ನೋಡುತ್ತಿದ್ದಳು.

ತಾಯಕ್ಕ ಮರಿಯೊಂದಿಗೆ ಮರದ ಕೆಳಗೆ ಬಂದಳು. “ದೊಡ್ಡ ಉಪಕಾರವಾಯಿತು, ಬುಳ್ಳಜ್ಜ.”

ಅಜ್ಜ ಎಲೆಯನ್ನು ಕೆಳಗಿಳಿಸಿ, ಬಿದಿರಿನ ತುದಿಯನ್ನು ಬಹಳ ಹೊತ್ತು ನೋಡಿದ.

“ಅದೆಲ್ಲ ಸರಿ ತಾಯಕ್ಕ. ಆದರೆ ಕಾಜಾಣ ಬರದೆ ಹುಲಿ ಹೇಗೆ ಬಂತು?”

“ಎಲೆ ಹಿಡಿಯಿರಿ, ಅಜ್ಜ,” ಎಂದಳು ತಾಯಕ್ಕ.

ನೀತಿ: ಮುಪ್ಪಿನಲ್ಲಿ ಕಲಿಯುವುದು ನಿಲ್ಲುವುದಿಲ್ಲ, ಬೇಡದ್ದನ್ನು ಬಿಡುವುದು ಕಷ್ಟವಾಗುತ್ತದೆ, ಹಿರಿಯರಿಗೆ ಕಲಿಸುವವರು ಏನು ನೋಡಬೇಕೆಂಬುದರ ಜೊತೆಗೆ ಏನು ನೋಡಬಾರದೆಂಬುದನ್ನೂ ತೋರಿಸಬೇಕು.