ಹೊನ್ನಲೆಯ ನಡಿಗೆ ಕದ್ದವರು

ಕಲ್ಗೋಟೆಯ ಅರಸ ಧೀರಮಲ್ಲ ಊರೂರಿಗೆ ಡಂಗುರ ಹೊಡೆಸಿದ. ರಾಜಕುಮಾರಿ ಹೊನ್ನಲೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಪಡೆಯಬಹುದು, ಅವಳ ಕೈಯನ್ನೇ ಬೇಡಿದರೂ ಸರಿ. ತಪ್ಪು ಹೇಳಿದವರ, ಹೇಳದೆ ನಿಂತವರ ತಲೆ ಬರುವ ಅಮಾವಾಸ್ಯೆಗೆ ಉರುಳುತ್ತದೆ.

ಅರಸ ಹುಟ್ಟಾ ಕ್ರೂರಿಯಲ್ಲ. ಒಂದು ವರ್ಷದಿಂದ ಮಗಳು ಕಾಲೂರಲಾರದೆ ನರಳುವುದನ್ನು ನೋಡಿ ನೋಡಿ ಅವನ ಬುದ್ಧಿ ಕೆಟ್ಟಿತ್ತು. ಬಂದ ವೈದ್ಯರು, ಮಂತ್ರವಾದಿಗಳು ಬಾಯಿಗೆ ಬಂದದ್ದು ಹೇಳಿ ಹೋಗಿದ್ದರು. ಇನ್ನು ತಲೆಯನ್ನು ಒತ್ತೆಯಿಟ್ಟವರೇ ಬಾಯಿ ತೆರೆಯಲಿ ಎಂದು ಹಟ ಹಿಡಿದ. ಒಗಟುಗಳ ಉತ್ತರ ಹೊನ್ನಲೆಗೂ ಗೊತ್ತಿರಲಿಲ್ಲ. ತನ್ನ ನೋವನ್ನೇ ಅವಳು ಒಗಟಾಗಿ ಕಟ್ಟಿದ್ದಳು, ಹೇಳಿದ ಉತ್ತರ ಆ ನೋವಿಗೆ ಹೊಂದುತ್ತದೋ ಇಲ್ಲವೋ ಎಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು.

ಒಬ್ಬ ಪಾಳೆಯಗಾರನ ಮಗ ಮೊದಲ ಒಗಟಿಗೆ ಮನ್ಮಥನ ಬಾಣ ಎಂದ. ಒಬ್ಬ ಪಂಡಿತ ಎರಡನೆಯದಕ್ಕೆ ಕಾಮನಬಿಲ್ಲು ಎಂದ. ಹೀಗೆ ಹನ್ನೊಂದು ಜನ ಸೆರೆಮನೆ ಸೇರಿದರು.

ಹನ್ನೆರಡನೆಯವನು ಅರಮನೆಗೆ ಚಪ್ಪಲಿ ಹೊಲಿಯುವ ಮುದುಕ ಮಾಳಪ್ಪ. ಮೊದಲೆರಡನ್ನು ಸಲೀಸಾಗಿ ಬಿಡಿಸಿದ. ಮೂರನೆಯದನ್ನು ಕೇಳಿದವನು ತಲೆ ತಗ್ಗಿಸಿ, ಎಷ್ಟು ಗದರಿದರೂ ತುಟಿ ಬಿಚ್ಚಲಿಲ್ಲ. ಅವನನ್ನೂ ಒಳಗೆ ತಳ್ಳಿದರು.

ಅಮಾವಾಸ್ಯೆಗೆ ಎರಡು ದಿನ ಉಳಿದಾಗ ಮಗ ದುರುಗ ಬುತ್ತಿ ಹಿಡಿದು ಸೆರೆಮನೆಯ ಸರಳುಗಳ ಮುಂದೆ ನಿಂತ. ಉತ್ತರ ಗೊತ್ತಿಲ್ಲವೇ ಎಂದು ಕೇಳಿದ. ಗೊತ್ತು ಎಂದ ಮಾಳಪ್ಪ. ಮತ್ತೆ ಯಾಕೆ ಹೇಳಲಿಲ್ಲ ಎಂದ ದುರುಗ. ಮಾಳಪ್ಪ ಮೂರು ಒಗಟನ್ನೂ ಮಗನಿಗೆ ಒಪ್ಪಿಸಿ, "ಹೇಳದಿದ್ದರೆ ನಾನೊಬ್ಬ ಸಾಯುತ್ತೇನೆ. ಹೇಳಿದರೆ ಅರಸನ ಸಿಟ್ಟಿಗೆ ನಮ್ಮ ಕೇರಿಯೇ ಸಾಯುತ್ತದೆ. ನೀನು ಅರಮನೆ ಕಡೆ ತಲೆ ಹಾಕಬೇಡ" ಎಂದ.

ದುರುಗ ಮನೆಗೆ ಬಂದ. ಬುತ್ತಿಯ ಬಟ್ಟೆ ಬಿಚ್ಚದೆ ಹಾಗೇ ಇತ್ತು, ಅಪ್ಪ ಒಂದು ತುತ್ತೂ ಮುಟ್ಟಿರಲಿಲ್ಲ. ಮೂರನೆಯ ಒಗಟನ್ನು ಮನಸ್ಸಿನಲ್ಲೇ ತಿರುಗಿಸಿದ. ಉತ್ತರ ಹೊಳೆದ ಗಳಿಗೆಯಲ್ಲಿ ಅಪ್ಪ ಯಾಕೆ ಹೇಳಲಿಲ್ಲ ಎಂಬುದೂ ತಿಳಿಯಿತು. ಆದರೂ ಮರುದಿನ ಹೋದ. ಅಪ್ಪ ಸತ್ತ ಮೇಲೆ ಅದೇ ಉಳಿ ಹಿಡಿದು ಅದೇ ಅರಮನೆಗೆ ಚಪ್ಪಲಿ ಹೊಲಿಯುವುದನ್ನು ನೆನೆಯಲೂ ಅವನಿಂದ ಆಗಲಿಲ್ಲ.

ಇಬ್ಬರು ದಾಸಿಯರ ಹೆಗಲು ಹಿಡಿದು ಹೊನ್ನಲೆ ಸಭೆಗೆ ಬಂದಳು. ದುರುಗ ಅವಳ ಮುಖ ನೋಡಲಿಲ್ಲ, ಕಾಲು ನೋಡಿದ.

"ನನ್ನ ಹಿಮ್ಮಡಿಯಲ್ಲಿ ಒಂದು ಮುಳ್ಳಿದೆ, ಬಗೆದರೂ ಸಿಗುವುದಿಲ್ಲ. ಬೆಳಗ್ಗೆ ಮೊದಲ ಹೆಜ್ಜೆಗೆ ಪ್ರಾಣ ಹೋಗುವ ಹಾಗೆ ಚುಚ್ಚುತ್ತದೆ, ಹತ್ತು ಹೆಜ್ಜೆಗೆ ತಗ್ಗುತ್ತದೆ, ಕೂತು ಎದ್ದರೆ ಮತ್ತೆ ಚುಚ್ಚುತ್ತದೆ. ಅದು ಯಾವ ಮುಳ್ಳು?"

"ಅದು ಮುಳ್ಳಲ್ಲ ತಾಯಿ, ಅಂಗಾಲಿನ ನಾರು. ದಣಿದ ನಾರು ರಾತ್ರಿ ಒಣಚರ್ಮದ ಹಾಗೆ ಬಿಗಿಯುತ್ತದೆ. ಬೆಳಗ್ಗೆ ಮೊದಲ ಸಲ ಮಡಿಸಿದಾಗ ಸೀಳಿದಂತಾಗುತ್ತದೆ. ಮಡಿಸುತ್ತ ಹೋದರೆ ಮೆದುವಾಗುತ್ತದೆ."

"ನನ್ನಲ್ಲೊಂದು ಸೇತುವೆಯಿತ್ತು. ನೆಲ ಒದ್ದೆಯಾದಾಗ ಮಾತ್ರ ಅದರ ಗುರುತು ಕಾಣುತ್ತಿತ್ತು. ಈಗ ಸದ್ದಿಲ್ಲದೆ ಕುಸಿದಿದೆ. ಅದು ಯಾವುದು?"

"ಪಾದದ ಕಮಾನು. ಒದ್ದೆಗಾಲಿನ ಹೆಜ್ಜೆಯ ನಡುವೆ ಮೊದಲು ಖಾಲಿ ಇರುತ್ತಿತ್ತು, ಈಗ ತುಂಬಿಕೊಂಡಿದೆ. ಸೇತುವೆ ಕುಸಿದದ್ದಕ್ಕೇ ನಾರು ಎಳೆಯುತ್ತಿದೆ."

ಹೊನ್ನಲೆ ಮೂರನೆಯದನ್ನು ಕೇಳಿದಳು. "ಎಲ್ಲರೂ ಹೊಗಳುವ, ನಾನೂ ಮುದ್ದು ಮಾಡುವ ಯಾರೋ ಒಬ್ಬರು ದಿನವೂ ನನ್ನ ನಡಿಗೆ ಕದಿಯುತ್ತಿದ್ದಾರೆ. ಆ ಕಳ್ಳ ಯಾರು?"

ಕೇರಿಯ ಮನೆಗಳು ಒಂದೊಂದಾಗಿ ದುರುಗನ ಕಣ್ಣ ಮುಂದೆ ಬಂದವು.

"ನೀವು ಮೆಟ್ಟಿರುವ ಜರಿಯ ಚಪ್ಪಲಿ, ತಾಯಿ. ಹೊಲಿದವರು ನನ್ನ ಅಪ್ಪ."

ಅರಸ ಕತ್ತಿ ಹಿರಿದು ಎದ್ದ. ದುರುಗ ನೆಲಕ್ಕೆ ಹಣೆ ಹಚ್ಚಿ, ಕತ್ತು ಚಾಚಿಕೊಂಡೇ ಉಳಿದದ್ದನ್ನೂ ಹೇಳಿದ. ರಾಜಕುಮಾರಿಯ ಹದಿನಾರನೆಯ ಹುಟ್ಟುಹಬ್ಬಕ್ಕೆ ಅಪ್ಪ ಅಡಿಯಲ್ಲಿ ದಪ್ಪ ಅಟ್ಟೆಯ, ಹಿಮ್ಮಡಿಗೆ ಪಟ್ಟಿಯಿದ್ದ ಚಪ್ಪಲಿ ತಂದಿದ್ದ. ಇವಳೇನು ಎಮ್ಮೆ ಕಾಯುವವಳೇ, ಅಟ್ಟೆ ವೀಳ್ಯದೆಲೆಯಷ್ಟು ತೆಳ್ಳಗಿರಲಿ ಎಂದು ಅದನ್ನು ಹಿಂದಕ್ಕೆ ಎಸೆಸಿದ್ದು ಮಹಾಸ್ವಾಮಿಯವರೇ. ಕೋಟೆಯ ಕಲ್ಲುಹಾಸಿಗೆ ಇದು ಆಗದು ಎಂದು ಅಪ್ಪ ಎರಡು ಸಲ ಅಂಗಲಾಚಿದ್ದ.

ಹೊನ್ನಲೆ ಬಗ್ಗಿ ಚಪ್ಪಲಿ ಕಳಚಿ, ಎರಡು ಬೆರಳಲ್ಲಿ ಅದನ್ನು ಸುರುಳಿ ಸುತ್ತಿದಳು. ಅದು ಬಟ್ಟೆಯ ಹಾಗೆ ಸುತ್ತಿಕೊಂಡಿತು. "ಇವನ ಮಾತು ನಿಜವೋ ಸುಳ್ಳೋ ನನ್ನ ಕಾಲು ಹೇಳಲಿ. ಮುಂದಿನ ಅಮಾವಾಸ್ಯೆಯವರೆಗೆ ಕತ್ತಿ ಒರೆಯಲ್ಲಿರಲಿ" ಎಂದಳು.

ಅರಸ ಒಪ್ಪಿ ದುರುಗನನ್ನೂ ಸೆರೆಮನೆಗೆ ಕಳಿಸಿದ. ಅಪ್ಪನ ಪಕ್ಕದ ಕೋಣೆಯಲ್ಲೇ ಕೂತು ಅವನು ಹೊಸ ಚಪ್ಪಲಿ ಹೊಲಿದ. ಎಮ್ಮೆ ಚರ್ಮದ ಮೂರು ಪದರದ ಅಟ್ಟೆ, ಕಮಾನಿನ ಕೆಳಗೆ ಕಂಬಳಿ ಮಡಿಸಿಟ್ಟ ಉಬ್ಬು, ಹಿಮ್ಮಡಿ ಕೂರಲು ತಗ್ಗು, ಹಿಂದೆ ಬಿಗಿಯಾದ ಪಟ್ಟಿ. ದಿನವಿಡೀ ಇದನ್ನೇ ಮೆಟ್ಟಬೇಕು, ಬರಿಗಾಲಲ್ಲಿ ಕಲ್ಲು ತುಳಿಯಬಾರದು, ಎದ್ದ ಕೂಡಲೇ ಅಂಗಾಲು ನೀವಿಕೊಳ್ಳಬೇಕು ಎಂದು ಹೇಳಿ ಕಳಿಸಿದ.

ಐದನೆಯ ದಿನ ನೋವು ಹಾಗೇ ಇದೆ ಎಂದು ದಾಸಿ ಬಂದು ಹೇಳಿದಳು. ಹತ್ತನೆಯ ದಿನವೂ ಅದೇ ಮಾತು. ಆ ಸಂಜೆ ಮಾಳಪ್ಪ ಗೋಡೆಯಾಚೆಯಿಂದ, ಕೇರಿಯವರಿಗೆ ಊರು ಬಿಟ್ಟು ಹೋಗಲು ಹೇಳಿ ಕಳಿಸು ಎಂದ. ದುರುಗ ಹಾಗೇ ಮಾಡಿದ. ಹದಿನೈದನೆಯ ದಿನದಿಂದ ದಾಸಿ ಬರುವುದನ್ನೇ ನಿಲ್ಲಿಸಿದಳು. ಹೊರಗೆ ಕತ್ತಿ ಮಸೆಯುವ ಸದ್ದು ಕೇಳತೊಡಗಿತು.

ಅಮಾವಾಸ್ಯೆಯ ಬೆಳಗ್ಗೆ ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು. ಕಟುಕ ಬಂದನೆಂದು ದುರುಗ ಕಣ್ಣು ಮುಚ್ಚಿದ. ತೆರೆದಾಗ ಎಮ್ಮೆ ಚರ್ಮದ ಚಪ್ಪಲಿ ಕಂಡಿತು. ಯಾರ ಹೆಗಲನ್ನೂ ಹಿಡಿಯದೆ, ಅರವತ್ತು ಮೆಟ್ಟಿಲು ಇಳಿದು ಹೊನ್ನಲೆ ಬಂದಿದ್ದಳು.

"ನೋವು ಪೂರ್ತಿ ಹೋಗಿಲ್ಲ. ಆದರೆ ಇವತ್ತು ಎದ್ದಾಗ ಅಳಲಿಲ್ಲ" ಎಂದಳು.

ಹಿಂದೆಯೇ ಬಂದ ಅರಸ, ಏನು ಬೇಕೋ ಬೇಡು ಎಂದ. ದುರುಗ ರಾಜಕುಮಾರಿಯ ಕೈ ಬೇಡಲಿಲ್ಲ. ಅಪ್ಪನ ಜೊತೆ ಆ ಹನ್ನೊಂದು ಜನರ ಜೀವ ಬೇಡಿದ, ಊರು ಬಿಟ್ಟ ಕೇರಿಯವರಿಗೆ ಅಭಯ ಬೇಡಿದ. ಅರಸ ಎಲ್ಲಕ್ಕೂ ಒಪ್ಪಿದ. ಅಪ್ಪ ಮಗನಿಗೆ ಕೋಟೆಯೊಳಗೆ ಮನೆಯನ್ನೂ ದುಡಿಮೆಗೆ ಅಂಗಡಿಯನ್ನೂ ಕೊಟ್ಟ.

ಬಾಗಿಲುಗಳು ತೆರೆದವು. ಮಾಳಪ್ಪ ಗೋಡೆ ಹಿಡಿದು ಹೊರಗೆ ಬಂದ. ಅರಸ ಅವನ ಮುಂದೆ ನಿಂತ. ತನ್ನ ಜರಿಯ ಪಾದರಕ್ಷೆ ಕಳಚಿಟ್ಟು, ಬರಿಗಾಲನ್ನು ಅಳತೆಗೆ ಮುಂದೆ ಚಾಚಿದ. ಮಾಳಪ್ಪ ಕೂತು ಸೊಂಟದಿಂದ ದಾರ ತೆಗೆದ. ಒಂದು ತುದಿಯನ್ನು ಅರಸನ ಹಿಮ್ಮಡಿಗೆ ಹಿಡಿದ. ದುರುಗ ಬಂದು ಇನ್ನೊಂದು ತುದಿ ಹಿಡಿದುಕೊಂಡ.