ಒಂದೇ ಮಡಕೆಯ ಅಂಬಲಿ

ಅರಸ ತೀರಿಕೊಂಡ. ಅವನ ಮಕ್ಕಳಿಬ್ಬರಿಗೂ ಗದ್ದುಗೆ ಬೇಕಾಯಿತು. ಗದ್ದುಗೆ ಇಬ್ಬರು ಕೂರುವಷ್ಟು ಅಗಲವಿರಲಿಲ್ಲ, ಅದಕ್ಕೆ ನಾಡೆಲ್ಲ ಕತ್ತಿ ಹಿರಿಯಿತು.

ಹೊಳೆಯ ಈಚೆ ಕಿರಿಯ ಅರಸುಮಗನ ಪಾಳೆಯ, ಆಚೆ ಹಿರಿಯವನದು. ಕಲ್ಲಯ್ಯ ಗುರುಗಳ ಆಶ್ರಮ ಈಚೆ ದಡದಲ್ಲಿ, ಹೊಂಗೆ ಮರದ ಕೆಳಗೆ.

ಗುರುಗಳ ಶಿಷ್ಯ ಸೋವಯ್ಯನಿಗೆ ಇಬ್ಬರು ಅಣ್ಣಂದಿರು. ದೊಡ್ಡಣ್ಣ ಬೀರ ಆಚೆ ಪಾಳೆಯದಲ್ಲಿ, ಸಣ್ಣಣ್ಣ ಕೊಮಾರ ಈಚೆ ಪಾಳೆಯದಲ್ಲಿ. ಜಗಳ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬೀರ ಹಿರಿಯ ಅರಸುಮಗನ ಉಪ್ಪು ತಿಂದಿದ್ದ, ಕೊಮಾರ ಕಿರಿಯವನ ಉಪ್ಪು ತಿಂದಿದ್ದ. ಉಂಡ ಮನೆಗೆ ಎರಡು ಬಗೆಯುವುದು ಆ ವಂಶದಲ್ಲೇ ಇರಲಿಲ್ಲ.

ಒಂದು ದಿನ ಸೋವಯ್ಯ ಬಂಡೆಯ ಮೇಲೆ ಕತ್ತಿ ಮಸೆಯುತ್ತಿದ್ದ. ಗುರುಗಳು ಬಂದು ನಿಂತರು.

"ಯಾರಿಗೋ ಇದು?"

"ಇನ್ನೂ ಗೊತ್ತಿಲ್ಲ ಗುರುಗಳೇ."

"ಗೊತ್ತಿಲ್ಲದೆ ಮಸೆಯುತ್ತಿದ್ದೀಯಾ?"

ಸೋವಯ್ಯನ ಕಣ್ಣು ತುಂಬಿತು. "ಇಬ್ಬರಲ್ಲಿ ಒಬ್ಬ ಸರಿ ಇರಬೇಕು, ಒಬ್ಬ ತಪ್ಪಿರಬೇಕು. ಯಾರು ಸರಿ ಅಂತ ನೀವು ಹೇಳಿ. ನಾಳೆ ಅವನ ಪಕ್ಕ ನಿಂತು ಕಾದಾಡ್ತೀನಿ. ಸುಮ್ಮನೆ ಕೂತು ನೋಡೋಕೆ ನನ್ನಿಂದ ಆಗಲ್ಲ."

ಗುರುಗಳು ಒಳಗೆ ಹೋಗಿ ಒಂದು ಮಡಕೆ ಅಂಬಲಿ ತಂದರು.

"ಇದನ್ನು ಇಬ್ಬರಿಗೂ ಕೊಟ್ಟು ಬಾ. ಆಮೇಲೆ ಕೇಳು."

ಹೊತ್ತು ಇಳಿದಿತ್ತು. ಎರಡೂ ಕಡೆ ನಗಾರಿ ಬಡಿದರು. ನಗಾರಿ ಬಡಿದ ಮೇಲೆ ಬೆಳಗಾಗುವವರೆಗೆ ಯಾರೂ ಯಾರ ಮೇಲೂ ಕೈ ಮಾಡುವಂತಿಲ್ಲ. ಆ ಕಾಲದ ಯುದ್ಧಕ್ಕೆ ಅಷ್ಟಾದರೂ ನಾಚಿಕೆ ಇತ್ತು.

ಈಚೆ ಪಾಳೆಯವೇ ಹತ್ತಿರ. ಸೋವಯ್ಯ ಮೊದಲು ಕೊಮಾರನ ಮುಂದೆ ಮಡಕೆ ಇಟ್ಟ. ಬೆಳಗಿನಿಂದ ಏನೂ ತಿಂದಿರದ ಕೊಮಾರ ಅದನ್ನು ಎರಡೂ ಕೈಯಲ್ಲಿ ಎತ್ತಿದ. ತುಟಿಯ ಹತ್ತಿರ ತಂದವನು ಹಾಗೇ ನಿಲ್ಲಿಸಿದ.

"ದೊಡ್ಡಣ್ಣ ಕುಡಿದನಾ?"

"ಇಲ್ಲ. ನೀನು ಹತ್ತಿರ ಇದ್ದೆ, ಅದಕ್ಕೆ..."

"ಆಶ್ರಮ ಸೇರಿ ಮನೆ ಪದ್ಧತಿ ಮರೆತೆಯೇನೋ?" ಕೊಮಾರ ಗದರಿದ. "ಅಣ್ಣ ಬಾಯಿ ಇಡದ ಮಡಕೆಗೆ ನಾನು ಯಾವತ್ತಾದರೂ ಬಾಯಿ ಇಟ್ಟಿದ್ದೀನಾ? ದಾಟಿ ಹೋಗು. ನಾನು ಕಾಯ್ತೀನಿ."

ಸೋವಯ್ಯ ಮಡಕೆಯನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ಹೊಳೆ ದಾಟಿದ.

ಬೀರನ ತೋಳಿಗೆ ಬಟ್ಟೆ ಸುತ್ತಿತ್ತು. ತಮ್ಮನನ್ನು ಕಂಡವನೇ ಕೇಳಿದ, "ಕೊಮಾರ ಹೇಗಿದ್ದಾನೆ?"

"ಹಸಿದಿದ್ದಾನೆ."

"ಹುಟ್ಟಿದಾಗಿನಿಂದ ಹಸಿದೇ ಇದ್ದಾನೆ ಅವನು." ಬೀರ ನಕ್ಕ.

"ನಾಳೆ ಅವನೇ ನಿನಗೆ ಎದುರಾದರೆ ಅಣ್ಣ?"

"ಎದುರು ನಿಲ್ತೀನಿ. ನಾನು ಬೆನ್ನು ತೋರಿಸಿದರೆ ಅವನೇ ನನ್ನನ್ನ ಅಣ್ಣ ಅನ್ನಲ್ಲ." ಬೀರನ ದನಿ ಇಳಿಯಿತು. "ಎದುರಾಗದೆ ಇರಲಿ ಅಂತ ದಿನಾ ಬೆಳಿಗ್ಗೆ ಕೈ ಮುಗೀತೀನಿ ಕಣೋ."

ಅವನು ಅಂಬಲಿ ಕುಡಿದ. ನಡುವೆ ನಿಲ್ಲಿಸಿ, ಅವ್ವ ಮಾಡುತ್ತಿದ್ದಂತೆ ಮಡಕೆಯೊಳಗೆ ಬೆರಳಿಟ್ಟು ಅಳತೆ ನೋಡಿದ. ಕೆಳಗಿಟ್ಟ.

"ಇನ್ನೊಂದು ಗುಟುಕು ಕುಡಿಯಣ್ಣ, ಗಾಯವಾಗಿದೆ."

"ಪಾಲು ತಪ್ಪುತ್ತೆ. ಹೊಳೇಲಿ ಚೆಲ್ಲಬೇಡ, ಜೋಪಾನ."

ಸೋವಯ್ಯ ಮರಳಿದಾಗ ಕೊಮಾರ ದಡ ಬಿಟ್ಟು ಮೊಣಕಾಲು ನೀರಿನಲ್ಲಿ ನಿಂತು ದಾರಿ ಕಾಯುತ್ತಿದ್ದ. ಮಡಕೆಯೊಳಗೆ ಇಣುಕಿ ನೋಡಿದ. ಅವನ ಮುಖ ಅರಳಿತು. ಅಲ್ಲೇ ನಿಂತು ಕುಡಿದ. ಅವನೂ ಒಮ್ಮೆ ಬೆರಳಿಟ್ಟು ನೋಡಿ, ಮಡಕೆಯ ಬಾಯಿಗೆ ಎಲೆ ಮುಚ್ಚಿ ತಮ್ಮನ ಕೈಗೆ ಕೊಟ್ಟ.

ದಾರಿಯುದ್ದಕ್ಕೂ ಸೋವಯ್ಯನ ಎದೆ ಉಬ್ಬುತ್ತಿತ್ತು. ಅಣ್ಣಂದಿರ ಬಗ್ಗೆ ಅವನಿಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಗುರುಗಳು ಹೊಂಗೆ ಮರದ ಕೆಳಗೇ ಕೂತಿದ್ದರು.

"ಈಗ ಕೇಳು. ಯಾರು ಸರಿ ಅಂತ ಹೇಳಬೇಕಾ?"

"ಬೇಡ ಗುರುಗಳೇ. ಅಂಥವರಲ್ಲಿ ತಪ್ಪು ಹುಡುಕೋಕೆ ನಾನ್ಯಾರು?"

ಗುರುಗಳು ಮಡಕೆಯ ಮೇಲಿನ ಎಲೆ ತೆಗೆದರು. "ಇದೇನು, ಇನ್ನೂ ಉಳಿದಿದೆಯಲ್ಲ?"

ಸೋವಯ್ಯ ಬಗ್ಗಿ ನೋಡಿದ.

"ನನ್ನ ಪಾಲು," ಎಂದವನೇ ಮಗುವಿನಂತೆ ಅತ್ತುಬಿಟ್ಟ.

"ಕುಡಿ," ಎಂದರು ಗುರುಗಳು.

ಅವನು ಕುಡಿದ. ಬಂಡೆಯ ಮೇಲೆ ಅರ್ಧ ಮಸೆದ ಕತ್ತಿ ಹಾಗೇ ಬಿದ್ದಿತ್ತು. ಅದರ ಕಡೆ ನೋಡುತ್ತ ಮೆಲ್ಲಗೆ ಕೇಳಿದ, "ನಾಳೆ ಸಂಜೆಗೆ ಇಬ್ಬರಲ್ಲಿ ಒಬ್ಬ ಇಲ್ಲದೆ ಹೋದರೆ ಗುರುಗಳೇ?"

ಗುರುಗಳು ಹೊಳೆಯ ಕಡೆ ನೋಡುತ್ತ ಹೇಳಿದರು,

"ಉಳಿದವನು ಮಡಕೆಗೆ ಬಾಯಿ ಇಡುವುದಿಲ್ಲ. ಅವನಿಗೆ ಕುಡಿಸುವುದಕ್ಕೆ ನೀನು ಬೇಕು. ಹೋಗು, ಮಡಕೆ ತೊಳೆದಿಡು."